ಕಾಮೆಂಟ್ರಿ ಮೂಡಲಗಿರಿಯಪ್ಪ
ಶ್ರೀರಾಂಪುರದ ಸುತ್ತ ಎಲ್ಲಿ ಕಬಡ್ಡಿ ನಡೆದರೂ ಮೈಕು ಕುರಿಗಾರ ಮೂಡಲಗಿರಿಯಪ್ಪನದೇ! ಆದರೆ ಜನ ಕಂಡೊಡನೆ ಅವನ ನಾಲಿಗೆ ಒಣಗುತ್ತದೆ. "ಒಂದ್ ನಿಮಿಷ ಇರ್ರಿ, ಗಂಟ್ಲು ಸರಿ ಮಾಡ್ಕಂಡ್ ಬರ್ತೀನಿ" ಎಂದು ಶಾಮಿಯಾನದ ಹಿಂದೆ ಹೋಗಿ ಕ್ವಾರ್ಟರ್ ಇಳಿಸಿ ಬಂದನೆಂದರೆ, "ಬಂದಾ, ಮುಟ್ಟಿದಾ, ಹಾರಿದಾ ನೋಡ್ರಪ್ಪೋ ತುರುವನೂರು ಹುಲಿ!" ಎಂದು ಮೈದಾನವನ್ನೇ ಕುಣಿಸುತ್ತಾನೆ. ಮೊದಲು ಮೈಕಿಗಷ್ಟೇ ಬೇಕಿದ್ದ ಕ್ವಾರ್ಟರ್ ಈಗ ಬೀಗರನ್ನು ಮಾತಾಡಿಸಲೂ ಬೇಕು, ಕ್ಷೌರಕ್ಕೆ ಕೂರಲೂ ಬೇಕು. ಬೇಡದ್ದು ಕುರಿಗಳ ಮುಂದೆ ಮಾತ್ರ. ಅಡವಿಯಲ್ಲಿ ಕೋಲನ್ನೇ ಮೈಕು ಮಾಡಿಕೊಂಡು ಟಗರುಗಳ ಗುದ್ದಾಟಕ್ಕೆ ಅವನು ಹೇಳುವ ಕಾಮೆಂಟ್ರಿಯನ್ನು ಯಾವ ಮೈದಾನವೂ ಕೇಳಿಲ್ಲ. ಬುತ್ತಿ ತಂದ ಹೆಂಡತಿ ನಿಂಗಕ್ಕ ಜಾಲಿಮರದ ಹಿಂದೆಯೇ ನಿಂತು, ಬಳೆ ಸದ್ದಾಗದಂತೆ ಹಿಡಿದುಕೊಂಡು ಕೇಳುತ್ತಾಳೆ. ತಾನು ಕೇಳುತ್ತಿರುವುದು ಗೊತ್ತಾದರೆ, ಅವನಿಗೆ ಇಲ್ಲಿಯೂ ಕ್ವಾರ್ಟರ್ ಬೇಕಾಗುತ್ತದೆ.