ಕಾರಿನಿಂದ ಇಳಿಯದ ಸಾಹೇಬರು

ರಾಜಧಾನಿಯ ಈ ದ್ವಾರಕಾ ಬಡಾವಣೆಯ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರು ಏಳು ಸೀಟಿ ಹೊಡೆದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಮಗಳ ಮನೆಗೆ ಬಂದು ಐದು ವರ್ಷವಾಯಿತು. ಇನ್ನೂ ನನಗೆ ಗುಡಗಾಂವ್ ಆಚೆಯ ಕಾರ್ಖಾನೆ ಕಾಲೊನಿಯ ಕೈಪಂಪೇ ಬೇಕು ಅನ್ನಿಸುತ್ತದೆ. ನಮ್ಮ ಯಜಮಾನರು ಆ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದರು.

ಪಂಪಿನ ಮುಂದೆ ಕೊಡ ಇಟ್ಟು ನಿಂತರೆ ಪಕ್ಕದ ಮನೆಯ ಪಂಜಾಬಿ ಹೆಂಗಸು ಶುರು ಮಾಡುತ್ತಿದ್ದಳು. "ಏ ಮದ್ರಾಸಿ, ನಿನ್ನ ಸಾರಿನ ವಾಸನೆಗೆ ನನ್ನ ಗಂಡ ನಾನು ಮಾಡಿದ ರೊಟ್ಟಿ ಮುಟ್ಟಲ್ಲ. ಅವನನ್ನೂ ನೀನೇ ಇಟ್ಟುಕೋ."

"ನಮ್ಮವರೊಬ್ಬರೇ ಸಾಕಾಗಿದ್ದಾರೆ" ಎನ್ನುತ್ತಿದ್ದೆ.

ಒಂದು ದಿನ ಕಾರ್ಖಾನೆಯ ಬಣ್ಣದ ತೊಟ್ಟಿ ಒಡೆಯಿತು. ವಿಷವೆಲ್ಲ ನೆಲಕ್ಕಿಳಿದು ಪಂಪಿನಲ್ಲಿ ಹಳದಿ ನೀರು ಬಂತು. ಕಂಪನಿಯವರು ಪಂಪಿಗೆ ಸರಪಳಿ ಸುತ್ತಿ ಬೀಗ ಹಾಕಿ, ಟ್ಯಾಂಕರ್ ಕಳಿಸಿದರು. ದೊಡ್ಡ ಸಾಹೇಬರೇ ನೋಡಲು ಬರುತ್ತಾರೆ ಅಂದರು. ಬೀಗ ಬೀಳುವ ಮೊದಲೇ ಹಿಡಿದಿಟ್ಟಿದ್ದ ಹಳದಿ ನೀರನ್ನು ಲೋಟಕ್ಕೆ ಹಾಕಿಕೊಂಡು ಗಲ್ಲಿಯ ಹೆಂಗಸರೆಲ್ಲ ಕಾದೆವು. ಕಾರು ಗಲ್ಲಿಯ ಬಾಯಿಯವರೆಗೆ ಬಂತು. ಗಾಜು ನಾಲ್ಕು ಬೆರಳು ಇಳಿಯಿತು, ಮತ್ತೆ ಏರಿತು. ಕಾರು ಹೋಯಿತು.

ಆಮೇಲೆ ಮನೆಗಳು ಒಂದೊಂದಾಗಿ ಖಾಲಿಯಾದವು. ಪಂಜಾಬಿಯವಳು ಹೋಗುವಾಗ ಹಿಂದಿಯಲ್ಲಿ ವಿಳಾಸ ಬರೆದು ಕೊಟ್ಟಳು. ನನಗೆ ಆ ಅಕ್ಷರ ಬಾರದು. ಯಜಮಾನರು ತೀರಿಕೊಂಡ ಗಡಿಬಿಡಿಯಲ್ಲಿ ಚೀಟಿಯೂ ಕಳೆಯಿತು.

ಈ ಚಳಿಗಾಲ, ಎಂಬಿಎ ಓದುವ ಮೊಮ್ಮಗಳು ತನ್ನ ಪ್ರಾಜೆಕ್ಟಿಗೆ ಅದೇ ಕಂಪನಿಯನ್ನು ಹಿಡಿದಳು. ಕಾಲೇಜಿನಲ್ಲಿ ಹೇಳುವ ಮೊದಲು ನನ್ನ ಮುಂದೆ ಹೇಳಿ ನೋಡಿದಳು.

"ಚಲೋ ಅಜ್ಜಿ, ಸುಮ್ನೆ ಕೂತ್ಕೋ. ಈಗ ನೀನೇ ನನ್ನ ಕ್ಲಾಸು."

ಕೋಣೆಯಲ್ಲಿ ಕೂತು ಹುಕುಂ ಕೊಡುವವನು ಬರೀ ಮ್ಯಾನೇಜರಂತೆ. ಕಷ್ಟ ಬಂದಾಗ ಜನರ ನಡುವೆ ಹೋಗಿ ನಿಲ್ಲುವವನು ಲೀಡರಂತೆ. ಅದು ಅವಳ ಪುಸ್ತಕದ ಸಿದ್ಧಾಂತ. ತೊಟ್ಟಿ ಒಡೆದಾಗ ಈ ಸಾಹೇಬರು ಖುದ್ದಾಗಿ ಜಾಗಕ್ಕೆ ಹೋದರು, ಆದ್ದರಿಂದ ಲೀಡರು. ಇದು ಅವಳ ತೀರ್ಮಾನ.

"ಎಲ್ಲಿಗೆ ಹೋದ?" ಅಂದೆ.

"ಸೈಟಿಗೆ. ರಿಪೋರ್ಟ್‌ನಲ್ಲಿ ಲಿಖಾ ಹೈ, ಅಜ್ಜಿ."

"ಯಾರ ರಿಪೋರ್ಟು?"

"ಕಂಪನೀದು."

"ಅವರು ಇನ್ನೇನು ಬರೀತಾರೆ?"

ನಡೆದದ್ದನ್ನು ಹೇಳಿದೆ. "ಟ್ಯಾಂಕರ್ ಬೇಗ ಬಂದಿದ್ದು ನಿಜ, ಅದನ್ನ ಇಟ್ಟುಕೋ. ಅವನು ನಮ್ಮ ನಡುವೆ ಬಂದ ಅನ್ನೋದನ್ನ ಅಳಿಸು."

"ಸರ್ ಪ್ರೂಫ್ ಕೇಳಿದ್ರೆ?"

"ನಾನಿನ್ನೂ ಸತ್ತಿಲ್ಲವಲ್ಲ."

ಅವಳು ನಕ್ಕಳು, ಆಮೇಲೆ ಕೇಳಿದಳು. "ಇಳಿದಿದ್ರೆ ನೀರು ಸರಿಹೋಗ್ತಿತ್ತಾ ಅಜ್ಜಿ?"

"ಇಲ್ಲ. ಅಲ್ಲಿ ಏನಿತ್ತು ಅಂತ ಅವನಿಗೆ ಗೊತ್ತಾಗ್ತಿತ್ತು."

ಅವಳು ಆ ಸಾಲು ತೆಗೆದಳು. ತೀರ್ಮಾನವನ್ನೂ ಬದಲಿಸಬೇಕು, ಮತ್ತೆ ಎರಡು ದಿನದ ಕೆಲಸ ಅಂತ ಗೊಣಗಿದಳು. ಬೆರಳನ್ನು ಲ್ಯಾಪ್‌ಟಾಪಿನ ಕೀಲಿಗಳ ಮೇಲಿಟ್ಟುಕೊಂಡು, "ಆ ಪಂಪು ಹೇಗಿತ್ತು?" ಅಂದಳು.

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಹಸಿರು ಬಣ್ಣ" ಅಂದೆ. "ಹಿಡಿ ಮಾತ್ರ ನಮ್ಮ ಕೈಗೆ ಸವೆದು ಬೆಳ್ಳಗೆ ಹೊಳೀತಿತ್ತು."