ಕ್ವಾರ್ಕಿನ ಲೆಕ್ಕಕ್ಕೆ ಬಿದ್ದ ಹೊಲಿಗೆ

ಸೂರ್ಯ ಮೂಡುವ ಮೊದಲೇ ಸಾತಲಿಂಗಪ್ಪನವರು ಸೋಲಾಪುರದ ತಮ್ಮ ಮನೆತನದ ಅಂಗಡಿಯಲ್ಲಿ, ಚಾದರದ ಗಂಟುಗಳ ನಡುವೆ ಗ್ರಾಫ್ ಹಾಳೆ ಹರಡಿ ಕೂತಿದ್ದಾರೆ. ಹಾಳೆಯ ಮೇಲೆ ವಿದೇಶದ ಪ್ರಯೋಗಶಾಲೆಯವರು ಅಳೆದ ಚುಕ್ಕೆಗಳಿವೆ. ಅವುಗಳ ಮೇಲೆ ಹಾಯಬೇಕಾದ ಗೆರೆ ಇನ್ನೂ ಬಿದ್ದಿಲ್ಲ. ಅದನ್ನು ಎಳೆಯಬೇಕಾದವರು ಇವರು. ತಮ್ಮಂದಿರು ಬಂದು ಅಂಗಡಿ ತೆರೆಯುವವರೆಗೆ ಈ ಜಾಗ ಇವರದು, ಆಮೇಲೆ ಕಾಲೇಜಿಗೆ ಹೋಗಿ ಪಾಠ ಹೇಳಬೇಕು.

ಪ್ರೋಟಾನಿಗೆ ಭಾರಿ ಶಕ್ತಿಯ ಬೆಳಕು ಬಡಿದರೆ ಮೆಸಾನ್ ಎಂಬ ಕಣ ಹುಟ್ಟಿ ಹಾರುತ್ತದೆ. ಯಾವ ದಿಕ್ಕಿಗೆ ಎಷ್ಟು? ಪ್ರೋಟಾನಿನೊಳಗೆ ಕ್ವಾರ್ಕು ಎಂಬ ಇನ್ನೂ ಸಣ್ಣ ಮೂರು ಕಣಗಳು ಸ್ಪ್ರಿಂಗಿಗೆ ಕಟ್ಟಿದಂತೆ ಕುಣಿಯುತ್ತಿವೆ ಎಂದು ಹಿಡಿದು ಅದನ್ನು ಲೆಕ್ಕ ಹಾಕಿ ಹೇಳುವುದು ಇವರ ಕೆಲಸ. ಬೀಜಗಣಿತ ಕೈಯಲ್ಲೇ ಮುಗಿದಿದೆ. ಉಳಿದ ಅಂಕಿಗಳಿಗೆ ಕಂಪ್ಯೂಟರ್ ಬೇಕು. ಅದು ಮುಂಬಯಿಯಲ್ಲಿದೆ. ೧೯೭೪ರಲ್ಲೂ ಸೋಲಾಪುರಕ್ಕೆ ಮಗ್ಗ ಸಾಕು, ಲೆಕ್ಕ ಬೇಡ ಎಂದು ಯಾವ ಜಾಣರು ತೀರ್ಮಾನಿಸಿದರೋ.

"ಏನ್ ಮಾಡಾಕತ್ತೀರಿ ಅಂತ ಕೇಳತಾರ. ಹೇಳಾಕ ಸುರು ಮಾಡಿದ್ರ, ಚಾ ತಗೋರಿ ಅಂತಾರ. ಮನಿ ಮಾತಿನಾಗ ಹೇಳಿದಾಗ ಯಾರರೆ 'ಹೌದಾ?' ಅಂದ್ರ ಅಷ್ಟ ಸಾಕು ನನಗ" ಎನ್ನುತ್ತಾರೆ ಸಾತಲಿಂಗಪ್ಪನವರು.

ಹೋದ ವರ್ಷ ಮುಂಬಯಿಯ ಕಂಪ್ಯೂಟರಿನಲ್ಲಿ ಸರದಿ ಸಿಕ್ಕಿತ್ತು. ಲೆಕ್ಕವನ್ನು ತೂತುಗಳಾಗಿ ಹೊಡೆದ ಕಾರ್ಡುಗಳನ್ನು ತಪ್ಪು ನೋಡಲೆಂದು ಮನೆಗೆ ತಂದಿದ್ದರು. ಒಂದು ಹಿಂದುಮುಂದಾದರೂ ಎಲ್ಲ ಕೆಟ್ಟಂತೆ. ಪ್ರಯಾಣದ ಗಂಟು ಕಟ್ಟಿದವರು ತವರಿಗೆ ಬಂದಿದ್ದ ಅಕ್ಕ ಕಸ್ತೂರಬಾಯಿ, ಅಕ್ಕಲಕೋಟೆಯ ಚಾದರ ಮಗ್ಗದ ಮನೆಯ ಸೊಸೆ. ಮಗ್ಗಕ್ಕೆ ಹೂವು, ನವಿಲಿನ ಮಾದರಿ ಹೇಳುವುದೂ ತೂತಿನ ರಟ್ಟುಗಳೇ. ಅವನ್ನು ಸಾಲಾಗಿ ದಾರದಿಂದ ಹೊಲಿಯುತ್ತಾರೆ. ಅಕ್ಕ ಇವನ್ನೂ ದಬ್ಬಣದಿಂದ ಚುಚ್ಚಿ ಹೊಲಿದು, ಬಟ್ಟೆ ಸುತ್ತಿ ಕೊಟ್ಟರು. ಇವರು ಬಿಚ್ಚಿ ನೋಡಿದ್ದು ಮುಂಬಯಿಯಲ್ಲಿ. ಹೊಸ ತೂತು ಬಿದ್ದ ಕಾರ್ಡುಗಳನ್ನು ಯಂತ್ರ ಒಪ್ಪಲಿಲ್ಲ. ಸರದಿ ಹೋಯಿತು.

"ಯಕ್ಕಾ, ಇವೆಲ್ಲಾ ಹಾಳಾದವು" ಎಂದು ಊರಿಗೆ ಮರಳಿ ಅಕ್ಕನೆದುರು ಕೂತರಂತೆ.

"ನೀನ ಅಂದಿ, ಒಂದರ ಹಿಂದ ಒಂದ ಇರಬೇಕಂತ. ಹೊಲದೆ. ಯಾಕಪಾ, ಮುಂಬೈದಾಗ ನವಿಲ ಮೂಡಲಿಲ್ಲೇನು?" ಎಂದರು ಅಕ್ಕ. ನಗುತ್ತ ಅಂದವರು ತಮ್ಮನ ಮುಖ ನೋಡಿ ಒಳಗೆ ಹೋಗಿ ಅತ್ತರು. ಈಗ ಅವರಿಗೆ ಮೆಸಾನ್ ಎಂದರೇನೆಂದು ಗೊತ್ತು, ಕೇಳಿ ತಿಳಿದುಕೊಂಡರು.

ಕಾರ್ಡುಗಳನ್ನು ಮತ್ತೆ ಹೊಡೆಸಿದ್ದಾಗಿದೆ. ಬರುವ ವಾರ ಸರದಿ. ಗೆರೆ ಚುಕ್ಕೆಗಳನ್ನು ತಪ್ಪಿಸಿ ಹೋದರೆ ಎಂದು ಕೇಳಿದೆ.

ಸಾತಲಿಂಗಪ್ಪನವರು ಗ್ರಾಫ್ ಹಾಳೆ ಮಡಚುತ್ತಾರೆ. "ತಪ್ಪಲಿ ಬಿಡ್ರಿ. ತಪ್ಪೇದ ಅಂತರೆ ಗೊತ್ತಾಗಲಿ. ಇಷ್ಟ ವರ್ಷ ನಾ ನೆನಸಿದ್ಹಂಗ ಪ್ರೋಟಾನಿನೊಳಗ ಅದೋ ಇಲ್ಲೋ, ಒಂದ ಸಲ ನೋಡಬೇಕು."