ಕಾಪುವಿನ ಬಾವಿ, ಕಾರ್ಕಳದ ಅತಿಥಿ

ಇಲ್ಲ, ನಕ್ಕವನು ಕಂಡಕ್ಟರ್ ಆಗಿರಲಿಕ್ಕಿಲ್ಲ. ಇಷ್ಟು ವರ್ಷ ನಾನು ಹಾಗೆಯೇ ಹೇಳುತ್ತ ಬಂದಿದ್ದೇನೆ: ಉಡುಪಿಯಲ್ಲಿ ಬಸ್ಸು ಹತ್ತಿ "ಎರಡು ಕೌಪ್" ಎಂದು ಟಿಕೆಟ್ ಕೇಳಿದೆ, ಕಂಡಕ್ಟರ್ ನಕ್ಕ, ಅವನ ಹಿಂದೆ ಇಡೀ ಬಸ್ಸು ನಕ್ಕಿತು. ಆದರೆ ಬಾಗಿಲಿಗೆ ಜೋತುಬಿದ್ದು, ಹಿಂದಿನ ಬಸ್ಸು ತನ್ನನ್ನು ದಾಟದ ಹಾಗೆ ಒಂದು ಕಣ್ಣಿಟ್ಟಿರುವ ಮನುಷ್ಯನಿಗೆ ನಗಲು ಪುರುಸೊತ್ತೆಲ್ಲಿ? ನಕ್ಕವಳು ನನ್ನ ಹೆಂಡತಿ ಕಸ್ತೂರಿಯೇ ಇರಬೇಕು. ಕೇಳಿದರೆ, "ಅವತ್ತ ಘಟ್ಟ ಇಳಿದು ನನಗ ವಾಂತಿ ಬರಾಕ ಹತ್ತಿತ್ತು, ನಗೂದೆಲ್ಲಿಂದ?" ಎನ್ನುತ್ತಾಳೆ. ಅದೂ ನಿಜವಿರಬಹುದು. ಕಂಡಕ್ಟರ್ ಆಡಿದ ಮಾತು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ. "ಕಾಪು ಅಂತ ಹೇಳಿ ಮಾರಾಯ್ರೆ. ಕೌಪ್ ಅಂತ ಊರು ಈ ರೂಟಿನಲ್ಲೇ ಇಲ್ಲ."

ನೇಮಕದ ಆದೇಶ ಇಂಗ್ಲಿಷಿನಲ್ಲಿತ್ತು. ಬಿಜಾಪುರ ಜಿಲ್ಲೆಯ ಹುನಗುಂದದಲ್ಲಿ ಕುಳಿತು Kaup ಎಂಬ ಆ ಅಕ್ಷರಗಳನ್ನು ಬೇರೆ ಹೇಗೆ ಓದಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಪುವಿನ ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತ್ತು. ನಾವು ಕನ್ನಡನಾಡು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಆದರೂ ಆ ಬಸ್ಸಿನಲ್ಲಿ ಮುಂದಿನ ಸೀಟಿನವರು ತುಳುವಿನಲ್ಲಿ, ಹಿಂದಿನವರು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ನಮ್ಮ ಕಡೆ ತಿರುಗಿದಾಗ ಮಾತ್ರ ಕನ್ನಡ ಹೊರಬರುತ್ತಿತ್ತು, ಪೆಟ್ಟಿಗೆಯಿಂದ ತೆಗೆದ ಇಸ್ತ್ರಿ ಅಂಗಿಯ ಹಾಗೆ, ಒಂದು ಮಡಿಕೆಯೂ ಕೆಡದೆ. ನಮ್ಮ ಕನ್ನಡ ಅವರಿಗೆ ಜಗಳದ ಹಾಗೆ ಕೇಳಿಸುತ್ತಿತ್ತು ಎಂದು ಆಮೇಲೆ ತಿಳಿಯಿತು.

ಊರ ಕಡೆಯವರು ಇದನ್ನು ಓದುತ್ತೀರಾದರೆ ಒಂದು ಮಾತು ತಿಳಿದುಕೊಳ್ಳಿ: ಇಲ್ಲಿ ಪ್ರತಿ ಊರಿಗೂ ಒಂದು ಮನೆಯ ಹೆಸರು, ಒಂದು ಬೀದಿಯ ಹೆಸರು. ಮನೆಯೊಳಗೆ ಒಡಿಪು, ಹೊರಗಿನವರಿಗೆ ಉಡುಪಿ. ಮನೆಯೊಳಗೆ ಕಾರ್ಲ, ನಮ್ಮಂಥವರಿಗೆ ಕಾರ್ಕಳ. ಮಣಿಪಾಲದ ಬಾಲವನ್ನು ಕತ್ತರಿಸಿ 'ಮಣಿಪಾಲ್' ಎಂದರೆ ನೀವು ಕಾಲೇಜಿಗೆ ಬಂದ ಪರದೇಶಿ. ಒಮ್ಮೆ ಚಾ ಅಂಗಡಿಯಲ್ಲಿ ನಾನು ಧೈರ್ಯ ಮಾಡಿ, "ಕಾರ್ಲಕ್ಕೆ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದೆ. ಅಂಗಡಿಯವರು ಲೋಟ ತೊಳೆಯುತ್ತ ಬಹಳ ಮರ್ಯಾದೆಯಿಂದ, "ಕಾರ್ಕಳಕ್ಕಾ? ಈಗ ಬರ್ತದೆ" ಎಂದರು. ನಾನು ಎತ್ತಿಕೊಂಡಿದ್ದ ಹೆಸರನ್ನು ಮೆಲ್ಲಗೆ ಕೈಯಿಂದ ಬಿಡಿಸಿ, ನನ್ನದನ್ನು ನನಗೆ ವಾಪಸು ಕೊಟ್ಟ ಹಾಗಿತ್ತು.

ಅದೇ ಅಂಗಡಿಯಲ್ಲಿ ಊರುಗಳ ಜಗಳವೂ ನಡೆಯುತ್ತಿತ್ತು. ಉಡುಪಿಯ ಚರಂಡಿ ದಾಟಬೇಕಾದರೆ ಮೂಗು ಮನೆಯಲ್ಲಿಟ್ಟು ಹೋಗಬೇಕು. ಮಣಿಪಾಲದ ಗುಡ್ಡದ ಮೇಲೆ ಡಾಕ್ಟರು ಬೇಕಾದಷ್ಟುಂಟು, ಬೇಸಿಗೆಯಲ್ಲಿ ಕೈ ತೊಳೆಯಲಿಕ್ಕೆ ನೀರಿಲ್ಲ. ಕಾರ್ಕಳದಲ್ಲಿ ಮೋಡ ಕಂಡರೆ ಸಾಕು, ಕರೆಂಟು ಹೋಯಿತು. ಕಾಪುವಿಗೆ ಮಾತ್ರ ಏನೂ ಕೊರತೆಯಿರಲಿಲ್ಲ, ಕಾಪುವಿನವರು ಹೇಳುವಾಗ.

ನಮಗೆ ಸಿಕ್ಕಿದ್ದು ಗಿರಿಜಕ್ಕನ ಮನೆಯ ಪಕ್ಕದ ಎರಡು ಕೋಣೆ. ಅವರ ಗಂಡ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುವವರು. ಮನೆ, ತೆಂಗು, ನಾವು, ಎಲ್ಲವೂ ಗಿರಿಜಕ್ಕನ ಆಳ್ವಿಕೆ. ಮೊದಲ ದಿನ ಟ್ರಂಕು ಇಳಿಸುವ ಮೊದಲೇ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಪಕ್ಕದಲ್ಲಿ ಹಿತ್ತಾಳೆಯ ಲೋಟದಲ್ಲಿ ನೀರು ತಂದಿಟ್ಟರು. "ಮೊದಲು ನೀರು ಕುಡಿಯಿರಿ ಮಾಷ್ಟ್ರೆ, ಮತ್ತೆ ಮಾತು." ನಮ್ಮಲ್ಲೂ ಬಂದವರಿಗೆ ತಂಬಿಗೆ ತುಂಬ ನೀರು ಕೊಡುತ್ತೇವೆ. ಆದರೆ ಇಲ್ಲಿ ಅದು ಪರೀಕ್ಷೆಯ ಹಾಗೆ: ಬೆಲ್ಲ ಬಾಯಿಗಿಟ್ಟು, ನೀರು ಮುಗಿಸಿ, ಲೋಟ ಕೆಳಗಿಟ್ಟ ಮೇಲೆಯೇ ನೀವು ಮನುಷ್ಯರು. "ನಮ್ಮ ಬಾವಿ ನೀರು. ಇಡೀ ಕಾಪುವಿನಲ್ಲಿ ಹೀಗಿನ ನೀರಿಲ್ಲ" ಎಂದರು.

ಜೂನ್ ತಿಂಗಳು. ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ. ಗಾವುದ ಹಗ್ಗ ಬಿಟ್ಟು ಸೇದಿದ ಊರಿನಿಂದ ಬಂದ ಕಸ್ತೂರಿ ಮೊದಲ ವಾರ ಬರೀ ಬಾವಿ ನೋಡುತ್ತ ನಿಂತಿರುತ್ತಿದ್ದಳು. ಮಳೆಗೆ ಬೇಸರ, ಕುಚ್ಚಿಲಕ್ಕಿಯ ದಪ್ಪ ಅನ್ನಕ್ಕೆ ಬೇಸರ, ರೊಟ್ಟಿ ತಟ್ಟಲು ಜೋಳವಿಲ್ಲದ ಬೇಸರ. ಎಲ್ಲಕ್ಕೂ ಬಾವಿಯೇ ಸಮಾಧಾನ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಚಹಾ ಉಪ್ಪಾಗಿತ್ತು. ಕಸ್ತೂರಿ ಡಬ್ಬಿ ತಪ್ಪಿ ಹಾಕಿದಳೆಂದುಕೊಂಡೆ. ಮರುದಿನವೂ ಉಪ್ಪು. ಸಾಬೂನು ನೊರೆ ಬರಲಿಲ್ಲ. ಸಮುದ್ರದ ಕಡೆಯ ಸಾಲುಮನೆಗಳ ಬಾವಿಗಳೆಲ್ಲ ಬೇಸಿಗೆಯಲ್ಲಿ ಹೀಗೆ ಕೆಡುತ್ತವೆ ಎಂದು ಶಾಲೆಯಲ್ಲಿ ಹೇಳಿದರು. ಗಿರಿಜಕ್ಕ ಮಾತ್ರ ಉಪ್ಪು ಎಂಬ ಶಬ್ದವನ್ನೇ ಬಾಯಿಗೆ ತರಲಿಲ್ಲ. "ನೀರಿಗೆ ಸ್ವಲ್ಪ ಬೇರೆ ರುಚಿ ಬಂದಿದೆ ಅಷ್ಟೆ. ಗಾಳಿಯದ್ದು." ಹಾಗೆನ್ನುತ್ತಲೇ ಕೊಡಪಾನ ಸೊಂಟಕ್ಕಿಟ್ಟುಕೊಂಡು ಹೆದ್ದಾರಿಯಾಚೆಯ ಶಾಲೆಯ ಬಾವಿಗೆ ಹೊರಡುತ್ತಿದ್ದರು. ಬೀದಿಯ ಹೆಂಗಸರೆಲ್ಲ ಹೊರಡುತ್ತಿದ್ದರು. ಕಸ್ತೂರಿಯೂ ಹೋಗುತ್ತಿದ್ದಳು. ಅವಳು ಆಗ ಬಸುರಿ.

ಆ ಹೆದ್ದಾರಿಯಲ್ಲಿ ಬಸ್ಸುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಒಂದು ಸಂಜೆ ಕಸ್ತೂರಿ ಬರಿಗೈಯಲ್ಲಿ ಬಂದಳು. ಬಸ್ಸು ತಾಗಲಿಲ್ಲ, ಅದರ ಗಾಳಿಗೆ ಹೆದರಿ ಹಿಂದೆ ಸರಿದಿದ್ದಾಳೆ, ಕೊಡಪಾನ ಕೈಜಾರಿ ಚಕ್ರದಡಿ ಹೋಗಿದೆ. ಕೂತು, ಉಸಿರು ಸುಧಾರಿಸಿಕೊಂಡು ಹೇಳಿದಳು: "ಈ ಓಣ್ಯಾಗ ನಳ ಬರೂದಿದ್ರ ಇರೂಣು. ಇಲ್ಲಂದ್ರ ಕೂಸಿನ್ನ ಕರಕೊಂಡು ಮುಂದಿನ ಬ್ಯಾಸಗಿ ಈ ಊರಾಗ ನಾ ಇರಾಂಗಿಲ್ಲ. ನೀವು ಇರ್ರಿ, ಬ್ಯಾಡ ಅನ್ನಾಂಗಿಲ್ಲ." ಅವಳು ಹೆದರಿಸಲು ಮಾತಾಡುವವಳಲ್ಲ.

ಹಾಗಾಗಿ ನಾನು ಅರ್ಜಿ ಬರೆದೆ. ನಮ್ಮ ನಳಕ್ಕೆ ಇಲ್ಲಿ ನಳ್ಳಿ ಎನ್ನುತ್ತಾರೆ. ಬೀದಿಗೊಂದು ನಳ್ಳಿ ಬೇಕು, ನಮ್ಮ ಬಾವಿಗಳು ಉಪ್ಪು. ಎಲ್ಲರೂ ಸಹಿ ಹಾಕಿದರು. ಗಿರಿಜಕ್ಕ ಕೊನೆಗೆ ಹಾಕಿದರು, ಒಂದು ತಿದ್ದುಪಡಿಯೊಂದಿಗೆ: "ನನಗೆ ಅಂತ ಅಲ್ಲ ಆಯ್ತಾ. ಬೇರೆಯವರಿಗೆ ಕಷ್ಟ ಉಂಟಲ್ಲ."

ಮೇ ತಿಂಗಳಲ್ಲಿ ಇಂಜಿನಿಯರು ಬಂದರು. ಪೈಪು ಇದ್ದದ್ದು ಒಂದೇ ಬೀದಿಗೆ ಸಾಲುವಷ್ಟು, ಕೇಳಿದವರು ಹಲವರು. ಯಾರ ಬಾವಿ ನಿಜಕ್ಕೂ ಕೆಟ್ಟಿದೆ ಎಂದು ನೋಡಿ ಹೋಗುವುದು ಅವರ ಕೆಲಸ. ನನ್ನ ನೆನಪಿನಲ್ಲಿ ಅವರದು ಬಿಳಿ ಅಂಗಿ, ಆದರೆ ನನ್ನ ನೆನಪಿನಲ್ಲಿ ಎಲ್ಲ ಅಧಿಕಾರಿಗಳದ್ದೂ ಬಿಳಿ ಅಂಗಿಯೇ. ಅನುಮಾನವಿಲ್ಲದ ಸಂಗತಿ ಒಂದೇ: ಅವರು ಕಾರ್ಕಳದವರು. ಜೀಪಿನಿಂದ ಇಳಿದವರೇ ತುಳುವಿನಲ್ಲಿ ಏನೋ ಅಂದರು. ನಿಂತಿದ್ದ ಹೆಂಗಸರ ಮುಖ ಬಿಗಿಯಿತು. ಪಕ್ಕದಲ್ಲಿದ್ದವರು ನನಗೆ ಕನ್ನಡ ಮಾಡಿ ಹೇಳಿದರು: "ನಮ್ಮ ಕಾರ್ಲದಲ್ಲಿ ಬಂಡೆ ಒಡೆದರೂ ಸಿಹಿನೀರು ಬರ್ತದೆ, ನಿಮಗೆ ಇಷ್ಟು ಮರಳಿದ್ದೂ ನೀರಿಲ್ವಾ, ಅಂತ." ತಮಾಷೆಗೆ ಆಡಿದ್ದು. ತಮಾಷೆಯೇ ಮುಳುವಾಯಿತು.

ಮೊದಲ ಮನೆಯಲ್ಲಿ ಅವರು ಬಾವಿಯ ಕಡೆ ಹೋಗುವ ಮೊದಲೇ ಬೆಲ್ಲ ಬಂತು, ನೀರು ಬಂತು. ಅಂದು ಬೆಳಿಗ್ಗೆ ಬೀದಿಯ ಹೆಂಗಸರು ಶಾಲೆಯ ಬಾವಿಗೆ ಎಂದಿಗಿಂತ ಒಂದು ಸುತ್ತು ಹೆಚ್ಚು ಹೋಗಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ಇಂಜಿನಿಯರು ಕುಡಿದು, "ನೀರು ಒಳ್ಳೆದುಂಟಲ್ಲ" ಎಂದರು. ಮನೆಯಾಕೆ, "ನಮ್ಮದಕ್ಕೆ ಎಂತದೂ ಆಗ್ಲಿಲ್ಲ. ಮುಂದಿನ ಮನೆಯವರಿಗೆ ಪಾಪ" ಎಂದರು. ಮುಂದಿನ ಮನೆಯವರೂ ಅದನ್ನೇ ಅಂದರು. ನೀರು ಒಳ್ಳೆಯದೆಂದು ಹೊಗಳಿದ ಅತಿಥಿ ಮತ್ತೆ ಹಗ್ಗ ಹಿಡಿದು ಬಾವಿ ಪರೀಕ್ಷಿಸಿದರೆ ಮನೆಯವರನ್ನು ಅನುಮಾನಿಸಿದ ಹಾಗೆ. ಹಾಗಾಗಿ ಅವರು ಮುಂದೆ ನಡೆದರು. ಅದರಾಚೆಯ ಮನೆಯ ಸಿಸಿಲಿ ಬಾಯಿ ಇನ್ನೂ ಜಾಣೆ. ಬೊಂಡ, ಅಂದರೆ ಎಳನೀರು, ಕೆತ್ತಿಸಿ ಕೈಗಿಟ್ಟು, "ಮೊದಲು ಇದು ಕುಡಿಯಿರಿ, ಬಾವಿ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದರು. ಬೊಂಡ ಮುಗಿದ ಮೇಲೆ ಬಾವಿಯ ನೆನಪು ಯಾರಿಗೂ ಬರಲಿಲ್ಲ.

ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ. ಇದು ಶಾಲೆಯ ನೀರು ಸರ್, ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಕೊಟ್ಟವರ ಎದುರಿನಲ್ಲಿ ಹೇಗೆ ಹೇಳುವುದು? ಸಹಿ ಹಾಕಿದವರೂ ಅವರೇ, ಬೇಸಿಗೆಯಿಡೀ ನನ್ನ ಬಳಿ ಗೋಳಾಡಿದವರೂ ಅವರೇ. ಕಸ್ತೂರಿಯ ಮುಂದಿನ ಬೇಸಿಗೆ ಒಂದೊಂದೇ ಲೋಟದಲ್ಲಿ ಖಾಲಿಯಾಗುತ್ತಿತ್ತು.

ಕೊನೆಯ ಮನೆ ನಮ್ಮದು. ಗಿರಿಜಕ್ಕ ತಮ್ಮ ಬಾಗಿಲಲ್ಲಿ ತಟ್ಟೆ ಹಿಡಿದು ಸಿದ್ಧರಾಗಿದ್ದರು. ಆದರೆ ಅರ್ಜಿ ಬರೆದ ಮಾಷ್ಟ್ರ ಮನೆಗೆ ಮೊದಲು ಎಂದು ಇಂಜಿನಿಯರು ನಮ್ಮ ಜಗುಲಿ ಹತ್ತಿದರು. ಅಲ್ಲಿವರೆಗೆ ತುಳುವಿನಲ್ಲಿದ್ದ ಮಾತು ನಮ್ಮ ಜಗುಲಿಯಲ್ಲಿ ಮರ್ಯಾದೆಗೆ ಕನ್ನಡವಾಯಿತು. ಕಸ್ತೂರಿ ಬೆಲ್ಲ ಇಟ್ಟಳು. ನಂತರ, ಒಳಗೆ ಶಾಲೆಯ ನೀರಿದ್ದ ಕೊಡಪಾನದ ಕಡೆ ತಿರುಗದೆ, ಅಂಗಳಕ್ಕಿಳಿದು, ಎಲ್ಲರೂ ನೋಡುತ್ತಿದ್ದಂತೆ ಗಿರಿಜಕ್ಕನ ಬಾವಿಯಿಂದ ಒಂದು ಬಿಂದಿಗೆ ಸೇದಿ, ಲೋಟಕ್ಕೆ ಹೊಯ್ದು ತಂದುಕೊಟ್ಟಳು.

ಇಂಜಿನಿಯರು ಬೆಲ್ಲ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಕುಡಿದರು. ಒಂದು ಕ್ಷಣ ನಿಂತರು. ಮತ್ತೆ ಉಳಿದದ್ದನ್ನೂ ಕುಡಿದು, ಲೋಟ ಖಾಲಿ ಮಾಡಿ ಕೆಳಗಿಟ್ಟರು. "ಒಳ್ಳೆ ನೀರಮ್ಮ" ಎಂದರು.

ಕಸ್ತೂರಿ ಮಾಡಬಾರದ್ದನ್ನು ಮಾಡಿದ್ದಳು, ಅದೂ ವ್ಯರ್ಥವಾಗಿತ್ತು. ಅವರೂ ಇದೇ ನೆಲದವರು, ಬೆಲ್ಲ ಇಟ್ಟು ಕೊಟ್ಟ ನೀರನ್ನು ಕೆಟ್ಟದ್ದೆನ್ನಲು ಅವರಿಗೂ ಬಾಯಿ ಬರುವುದಿಲ್ಲ.

ಆಗ ಗಿರಿಜಕ್ಕ ತಟ್ಟೆಯನ್ನು ಜಗುಲಿಯ ಮೇಲೆ ಠಪ್ಪೆಂದು ಇಟ್ಟು ಬಂದರು. "ಎಂತ ಒಳ್ಳೆದು ಮಾರಾಯ್ರೆ? ಉಪ್ಪು! ದನ ಮೂಸಿ ನೋಡುದಿಲ್ಲ ಇದನ್ನು. ಕಾರ್ಲದವರು ನೀವು ನಮ್ಮನ್ನು ನೋಡಿ ಪಾಪ ಅಂತ ನುಂಗುದು ಬೇಡ. ನಮ್ಮ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಕೊಟ್ಟಿದ್ದಾಳೆ, ನೀವು ಯಾಕೆ ಸುಳ್ಳು ಹೇಳುದು? ಹೋಗಿ, ಸಿಸಿಲಿ ಬಾಯಿಯದ್ದೂ ಸೇದಿ ನೋಡಿ. ನಳ್ಳಿ ಕೊಡಿ ನಮಗೆ, ಮರ್ಯಾದೆ ಬೇಡ!"

ಇಂಜಿನಿಯರು ಎದ್ದು, ತಾವೇ ಒಂದು ಬಿಂದಿಗೆ ಸೇದಿ, ಬಾಯಿಗೆ ಹಾಕಿ, ಈ ಸಲ ದಾಸವಾಳದ ಬುಡಕ್ಕೆ ಉಗಿದರು. ನಂತರ ಬೀದಿಯನ್ನು ಕೊನೆಯಿಂದ ಮೊದಲಿಗೆ, ಬಾವಿಯಿಂದ ಬಾವಿಗೆ ನಡೆದರು. ಯಾರೂ ಬೆಲ್ಲ ತರಲಿಲ್ಲ.

ಗಿರಿಜಕ್ಕ ಆ ಮಳೆಗಾಲ ಬರುವವರೆಗೂ ಕಸ್ತೂರಿಯ ಜೊತೆ ಮಾತಾಡಲಿಲ್ಲ. "ನೀರಿಲ್ಲಂದ್ರ ಇಲ್ಲ ಅನ್ನೂದು. ಅದ್ರಾಗೇನ ನಾಚಿಗಿ?" ಎಂದು ಕಸ್ತೂರಿ ನನ್ನ ಬಳಿ ವಾದಿಸುತ್ತಿದ್ದಳು. ನೀರಿಲ್ಲದ ಸೀಮೆಯಿಂದ ಬಂದವಳಿಗೆ ಅದು ಹವಾಮಾನದ ವಿಷಯ. ನೀರಿನ ನಡುವೆ ಬದುಕಿದವರಿಗೆ ಅದು ಮನೆತನದ ವಿಷಯ. ಇದನ್ನು ಬರೆಯುವಷ್ಟು ಸುಲಭವಾಗಿ ಆಗ ನನಗೆ ತಿಳಿದಿರಲಿಲ್ಲ, ಈಗಲೂ ತಿಳಿದಿದೆಯೆಂಬ ಭರವಸೆಯಿಲ್ಲ.

ನಳ್ಳಿ ಬಂತು, ಆದರೆ ಮರುಬೇಸಿಗೆಗಲ್ಲ, ಅದರ ಮುಂದಿನದಕ್ಕೆ. ನಡುವಿನ ಬೇಸಿಗೆಯನ್ನು ಕಸ್ತೂರಿ ಹೇಳಿದ ಹಾಗೆಯೇ ಮಗುವಿನೊಂದಿಗೆ ಹುನಗುಂದದಲ್ಲಿ ಕಳೆದಳು. ಅಲ್ಲಿ ಬಂದವರ ಮುಂದೆ ಬೆಲ್ಲದ ತುಂಡಿಡುತ್ತಿದ್ದಳಂತೆ. ಅವಳ ತಾಯಿ, "ಸಮುದ್ರದ ಕಡಿಯಾಕಿ ಆದೆಲ್ಲವ್ವ" ಎಂದು ನಕ್ಕರಂತೆ. ಮಳೆ ಹಿಡಿದ ಮೇಲೆ ವಾಪಸು ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಮಗುವನ್ನು ಮೊದಲು ಎತ್ತಿಕೊಂಡವರು ಗಿರಿಜಕ್ಕ.

ಎಂಬತ್ತರ ನಡುವಿನಲ್ಲಿ ನನಗೆ ಮಣಿಪಾಲದ ಹತ್ತಿರ ವರ್ಗವಾಗಿ ಪರ್ಕಳದಲ್ಲಿ ಮನೆ ಮಾಡಿದೆವು. ಪರ್ಕಳದ ನೆರೆಯವರಿಗೆ ನಾವು ಘಟ್ಟದವರು, ಅಂದರೆ ಹೊರಗಿನವರು; ಹುನಗುಂದದವರಿಗೆ ಉಡುಪಿಯವರು. ಉಡುಪಿಯಲ್ಲಿ ನಾವು ಒಂದು ದಿನವೂ ವಾಸವಾಗಿರಲಿಲ್ಲ ಎಂದು ಊರಲ್ಲಿ ಹೇಳಿದರೆ, ಎಲ್ಲ ಒಂದೇ ಬಿಡ್ರಿ ಎನ್ನುತ್ತಾರೆ. ಇಲ್ಲಿ ಯಾರ ಮುಂದಾದರೂ ಹಾಗೆಂದು ನೋಡಿ.

ಈಗ ನನಗೂ ಕಸ್ತೂರಿಗೂ ಇರುವ ಜಗಳ ಒಂದೇ. ಗಿರಿಜಕ್ಕ ಅಂದು 'ನಮ್ಮ ಹುಡುಗಿ' ಎಂದದ್ದು ನನಗೆ ಸ್ಪಷ್ಟ ನೆನಪಿದೆ. ಕಸ್ತೂರಿ ಒಪ್ಪುವುದಿಲ್ಲ. "ಘಟ್ಟದ ಹುಡುಗಿ ಅಂದ್ರು. ನನಗ ನೆನಪಿಲ್ಲೇನು? ಅನಿಸಿಕೊಂಡಾಕಿ ನಾನು." ಇನ್ನೊಂದು ತೊಡಕೂ ಇದೆ. ಸಿಟ್ಟು ಬಂದಾಗ ಗಿರಿಜಕ್ಕ ತುಳು ಬಿಟ್ಟು ಬೇರೆ ಆಡಿದ್ದನ್ನು ನಾವಿಬ್ಬರೂ ಕಂಡಿಲ್ಲ. ಹಾಗಾದರೆ ನಾನು ಮೇಲೆ ಬರೆದ ಕನ್ನಡ ಯಾರದು? ಆಗ ನಮಗಿದ್ದ ಅರೆಬರೆ ತುಳುವಿನಲ್ಲಿ ಇಬ್ಬರೂ ನಮಗೆ ಬೇಕಾದ್ದನ್ನು, ಅಥವಾ ಹೆದರಿದ್ದನ್ನು, ಕನ್ನಡ ಮಾಡಿಕೊಂಡಿರಬಹುದು.

ಒಂದು ಭಾನುವಾರ ಕಾಪುವಿಗೆ ಹೋಗಿ ಅವರನ್ನೇ ಕೇಳಿದೆವು. ಗಿರಿಜಕ್ಕ ಬೆಲ್ಲ, ನೀರು ತಂದಿಟ್ಟು, ಬೆರಗಾಗಿ ನಮ್ಮಿಬ್ಬರ ಮುಖ ನೋಡಿದರು.

"ನಾನು ಎಂತದೂ ಹೇಳಿಯೇ ಇಲ್ಲ ಮಾಷ್ಟ್ರೆ. ನಮ್ಮ ಬಾವಿ ನೀರು ಯಾವಾಗ ಉಪ್ಪಾಗಿತ್ತು?"

ಹಾಗಾಗಿ, ಅವರು ನನ್ನ ಹೆಂಡತಿಯನ್ನು ಏನೆಂದು ಕರೆದರು ಎಂಬುದು ನನಗೆ ಗೊತ್ತಿಲ್ಲ. ಕೇಳಿಸಿಕೊಂಡವರಲ್ಲಿ ಆ ಬೀದಿಯವರಲ್ಲದವರು ಇಂಜಿನಿಯರೊಬ್ಬರೇ. ಅವರು ಈಗ ಎಲ್ಲಿದ್ದಾರೆ ಎಂಬುದೂ ಗೊತ್ತಿಲ್ಲ.